ನೀಲಿ ಬಾಣ ಇದ್ದರೆ ಯಾರನ್ನೂ ಕೇಳಬೇಕಿಲ್ಲ

ಹೋದ ತಿಂಗಳು ಈ ಅಂಕಣದಲ್ಲಿ ಪಿ60 ಬಗ್ಗೆ ಬರೆದಿದ್ದೆ. ಅದಾದಮೇಲೆ ಬಂದ ಫೋನುಗಳಲ್ಲಿ ಅರ್ಧ ತೆರಿಗೆ ಬಗ್ಗೆ. ಇನ್ನರ್ಧ, "ಸಾರ್, ನಿಮ್ಮ ವಾಟ್ಸ್ಯಾಪ್ ಫೋಟೋದಲ್ಲಿ ಕೆಸರು ಮೆತ್ತಿದ ಸೈಕಲ್ ಯಾಕಿದೆ?" ಅಂತ. ಹಾಗಾಗಿ ಈ ಸಲ ಲೆಕ್ಕದ ಪುಸ್ತಕ ಪಕ್ಕಕ್ಕಿಟ್ಟು ಸೈಕಲ್ ವಿಷಯ ಬರೀತೀನಿ. ಪೂರ್ತಿ ಪಕ್ಕಕ್ಕಿಡೋಕೆ ಆಗಲ್ಲ, ಕೊನೆಯಲ್ಲಿ ಸ್ವಲ್ಪ ಲೆಕ್ಕ ಬಂದೇ ಬರುತ್ತೆ. ಅಭ್ಯಾಸಬಲ.

ನಾನೇನೂ ಕ್ರೀಡಾಪಟು ಅಲ್ಲ. ತಿಪಟೂರಿನಲ್ಲಿ ಓದುವಾಗ ಸೈಕಲ್ ಶಾಪಿನಲ್ಲಿ ಗಂಟೆಗೆ ಒಂದು ರೂಪಾಯಿ ಬಾಡಿಗೆ ಕೊಟ್ಟು, ಚೌಕಟ್ಟಿನೊಳಗೆ ಕಾಲು ತೂರಿಸಿ ಸೈಕಲ್ ಕಲಿತವನು. ಬಿ.ಕಾಂ. ಮುಗಿದ ಮೇಲೆ ಸೈಕಲ್ ಮರೆತೇಹೋಯ್ತು. ರೆಡಿಂಗ್‌ಗೆ ಬಂದು ಹದಿಮೂರು ವರ್ಷ. ಹಗಲು ಕುರ್ಚಿ, ಸಂಜೆ ಸೋಫಾ. ಮೂರು ವರ್ಷದ ಹಿಂದೆ ಜಿಪಿ ಹತ್ರ ರಕ್ತಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 45 ಬಂತು. ಇಲ್ಲಿನ ಲೆಕ್ಕದಲ್ಲಿ 42ರಿಂದ 47 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು; 48 ಮುಟ್ಟಿದರೆ ಒಳಗೆ ಬಂದ ಹಾಗೆ. ನಮ್ಮಪ್ಪ ಇದೇ ಕಾಯಿಲೆಯಿಂದ ಕಾಲಿನ ಎರಡು ಬೆರಳು ಕಳೆದುಕೊಂಡವರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜಿಮ್‌ಗೆ ಎರಡು ತಿಂಗಳ ದುಡ್ಡು ಕಟ್ಟಿ ಮೂರು ದಿನ ಹೋದೆ. ಆಮೇಲೆ ಸೆಕೆಂಡ್ ಹ್ಯಾಂಡ್ ಮೌಂಟನ್ ಬೈಕ್ ಒಂದನ್ನು 280 ಪೌಂಡಿಗೆ ತಗೊಂಡೆ. ಮುಂದೆ ಮಾತ್ರ ಸಸ್ಪೆನ್ಷನ್ ಇರೋ ಜಾತಿ; ಹಾರ್ಡ್‌ಟೇಲ್ ಅಂತಾರೆ. ನಮ್ಮಂಥವರಿಗೆ ಅದು ಸಾಕು. ಅದನ್ನು ತಗೊಂಡು ಮೊದಲು ಹೋಗಿದ್ದು ಬ್ರಾಕ್ನೆಲ್ ಪಕ್ಕದ ಸ್ವಿನ್ಲಿ ಫಾರೆಸ್ಟ್‌ಗೆ. ಪೈನ್ ಮರಗಳ ಕಾಡು, ಕ್ರೌನ್ ಎಸ್ಟೇಟ್‌ನ ಜಾಗ. ಸೈಕಲ್‌ಗೆ ಅಂತಲೇ ಮಾಡಿದ ಟ್ರೇಲ್‌ಗಳಿವೆ. ಕಾರ್ ಪಾರ್ಕಿಂಗ್‌ಗೆ ದುಡ್ಡು, ಟ್ರೇಲ್‌ಗೆ ದುಡ್ಡಿಲ್ಲ. ಮರಳು ಮಣ್ಣಾದ್ದರಿಂದ ನೀರು ಬೇಗ ಇಂಗುತ್ತೆ, ಚಳಿಗಾಲದಲ್ಲೂ ಹೋಗಬಹುದು.

ಈ ದೇಶದಲ್ಲಿ ಇಂಥ ಟ್ರೇಲ್‌ಗಳಿಗೆ ಬಣ್ಣದ ದರ್ಜೆ ಇದೆ. ಹಸಿರು ಅಂದರೆ ಮಕ್ಕಳಿಗೂ ಆಗುವಂಥದ್ದು, ನೀಲಿ ಮಧ್ಯಮ, ಕೆಂಪು ಕಷ್ಟ, ಕಪ್ಪು ಪಳಗಿದವರಿಗೆ ಮಾತ್ರ. ಸ್ವಿನ್ಲಿಯ ನೀಲಿ ಟ್ರೇಲ್ ಸುಮಾರು 6 ಮೈಲಿ, ಕೆಂಪು ಸುಮಾರು 8. ನಾಲ್ಕು ವಾರ ನೀಲಿಯಲ್ಲಿ ಸುತ್ತಿದೆ. ಐದನೇ ವಾರ, ಜನವರಿ ತಿಂಗಳು, "ಎರಡು ಮೈಲಿ ತಾನೇ ಜಾಸ್ತಿ" ಅಂತ ಕೆಂಪಿಗೆ ಹೋದೆ. ಒಂದು ಇಳಿಜಾರಿನಲ್ಲಿ ಗಾಬರಿಯಾಗಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಎಡಗೈ ಮಣಿಕಟ್ಟು ಮುರೀತು. ಸೆಲ್ಫ್ ಅಸೆಸ್‌ಮೆಂಟ್‌ಗೆ ಜನವರಿ 31 ಕೊನೇ ದಿನ ಅಂತ ನಿಮಗೆಲ್ಲ ಗೊತ್ತು. ಆ ವರ್ಷದ ರಿಟರ್ನ್‌ಗಳನ್ನು ನಾನು ಒಂದೇ ಕೈಯಲ್ಲಿ ಟೈಪ್ ಮಾಡಿದೆ. "ಲೆಕ್ಕ ಗೊತ್ತಿರೋರು ಹೀಗಾ ಮಾಡೋದು?" ಅಂತ ಮನೆಯವಳು ಕೇಳಿದ್ದಕ್ಕೆ ಇವತ್ತಿಗೂ ನನ್ನ ಹತ್ರ ಉತ್ತರ ಇಲ್ಲ. ಬಣ್ಣದ ದರ್ಜೆ ದೂರಕ್ಕಲ್ಲ, ಕಷ್ಟಕ್ಕೆ. ಇದನ್ನು ನನ್ನ ಮಣಿಕಟ್ಟಿನ ಖರ್ಚಿನಲ್ಲಿ ನೀವು ಕಲಿತುಕೊಳ್ಳಿ.

ಇವತ್ತು ನಿಜವಾಗಿ ಹೇಳಬೇಕು ಅಂದುಕೊಂಡಿರೋದು ಬೇರೆ ವಿಷಯ. ನಮ್ಮ ಬಳಗದಲ್ಲಿ ಸಕಲೇಶಪುರ ಕಡೆಯ ಒಬ್ಬ ಹುಡುಗ ಇದ್ದಾನೆ. ಹೆಸರು ಬೇಡ ಅಂದಿದ್ದಾನೆ. ಕೇರ್ ಹೋಮ್‌ನಲ್ಲಿ ಕೆಲಸ, ಹೆಚ್ಚಾಗಿ ನೈಟ್ ಶಿಫ್ಟ್. ಹೆಂಡತಿ, ಮಗಳು ಊರಲ್ಲಿ. ಐದು ಜನ ಹಂಚಿಕೊಂಡಿರೋ ಮನೆಯಲ್ಲಿ ಒಂದು ರೂಮು. ಪೇಸ್ಲಿಪ್ ತೋರಿಸೋಕೆ ಬಂದವನನ್ನು "ರಜಾ ದಿನ ಏನ್ ಮಾಡ್ತೀಯಪ್ಪ?" ಅಂತ ಕೇಳಿದೆ. "ಮಲಗ್ತೀನಿ ಅಣ್ಣ. ಆಮೇಲೆ ಟೆಸ್ಕೋಗೆ ಹೋಗಿಬರ್ತೀನಿ" ಅಂದ. ಬಂದು ಎರಡು ವರ್ಷವಾಗಿತ್ತು. ಕಾಫಿ ತೋಟದ ಮಧ್ಯೆ ಬೆಳೆದವನು, ಇಲ್ಲಿ ಒಂದು ಗುಡ್ಡ ಹತ್ತಿರಲಿಲ್ಲ.

ನನ್ನ ಮಗನ ಸೈಕಲ್ ಅವನಿಗೆ ಕೊಟ್ಟು ಜೂನ್‌ನ ಒಂದು ಭಾನುವಾರ ಕರಕೊಂಡು ಹೋದೆ. ರೆಡಿಂಗ್‌ನಿಂದ ಗೋರಿಂಗ್‌ಗೆ ರೈಲು, ಅಲ್ಲಿಂದ ಥೇಮ್ಸ್ ಸೇತುವೆ ದಾಟಿ ಸ್ಟ್ರೀಟ್ಲಿ, ಆಮೇಲೆ ರಿಜ್‌ವೇ. ಸುಮಾರು 5,000 ವರ್ಷದಿಂದ ಜನ, ದನ ಓಡಾಡಿದ ದಾರಿ ಅಂತಾರೆ. ಈಗ ಅದು ರಾಷ್ಟ್ರೀಯ ಟ್ರೇಲ್, ಒಟ್ಟು 87 ಮೈಲಿ. ಗೋರಿಂಗ್‌ನಿಂದ ಪೂರ್ವಕ್ಕೆ ಹಲವು ಕಡೆ ನಡೆಯೋಕೆ ಮಾತ್ರ ಅವಕಾಶ. ಪಶ್ಚಿಮಕ್ಕೆ ಏವ್‌ಬರಿ ಹತ್ತಿರದವರೆಗೆ, ಸುಮಾರು 43 ಮೈಲಿ, ಸೈಕಲ್‌ನಲ್ಲೇ ಹೋಗಬಹುದು. ನಡುವೆ ಅಫಿಂಗ್ಟನ್‌ನಲ್ಲಿ ಗುಡ್ಡದ ಮೈಮೇಲೆ ಸುಣ್ಣದ ಕಲ್ಲಿನಲ್ಲಿ ಬಿಡಿಸಿದ ಬಿಳಿ ಕುದುರೆ ಇದೆ, ಸುಮಾರು 3,000 ವರ್ಷದ್ದು. ನಾವು ಅಲ್ಲೀತನಕ ಹೋಗಲಿಲ್ಲ. ಮೊದಲನೇ ದಿನ ಹನ್ನೆರಡು ಮೈಲಿ ಸಾಕು ಅಂತ ತೀರ್ಮಾನಿಸಿದ್ದೆ.

ಏರು ಹತ್ತಿದ ಮೇಲೆ ಎರಡೂ ಕಡೆ ಗೋಧಿ, ಬಾರ್ಲಿ ಹೊಲ, ಅಲೆಅಲೆಯಾಗಿ ಗುಡ್ಡ, ಮೇಲೆ ಬಾನಾಡಿ ಹಕ್ಕಿಯ ಕೂಗು. ಹುಡುಗ ಮಾತ್ರ ಪ್ರತಿ ಗೇಟಿನ ಹತ್ರ ಸೈಕಲ್ ನಿಲ್ಲಿಸಿ ನನ್ನ ಮುಖ ನೋಡ್ತಿದ್ದ. "ಅಣ್ಣ, ಹೋಗಬಹುದಾ? ಯಾರಾದ್ರೂ ಕೇಳ್ತಾರಾ?" ಅವನ ಊರಲ್ಲಿ ಗೇಟು ಅಂದರೆ ಎಸ್ಟೇಟ್ ಗೇಟು, ಒಳಗೊಬ್ಬ ವಾಚ್‌ಮನ್ನು. ಇಲ್ಲಿ ಗೇಟು ಇರೋದು ಕುರಿ, ದನ ಆಚೆ ಹೋಗದಿರಲಿ ಅಂತ. ತೆಗೆದು, ದಾಟಿ, ಮುಚ್ಚಿ ಹೋಗಬೇಕು ಅಷ್ಟೇ. ಹೇಳಿದೆ, ನಂಬಲಿಲ್ಲ.

ಮಧ್ಯಾಹ್ನ ಪುಳಿಯೋಗರೆ ತಿಂದು ಒಂದು ಹಳ್ಳಿ ಕಡೆ ಇಳಿಯುವಾಗ ನಾನು ಎಡವಿದೆ. ಮಾತಾಡ್ತಾ ಮಾತಾಡ್ತಾ ಕಂಬ ನೋಡದೆ ಬೇರೆ ದಾರಿಗೆ ತಿರುಗಿದ್ದೆ. ಸ್ವಲ್ಪ ಮುಂದೆ ಒಬ್ಬ ರೈತರು ಗಾಡಿ ನಿಲ್ಲಿಸಿ ಕೈ ತೋರಿಸಿದರು. "ಇದು ಫುಟ್‌ಪಾತ್. ಸೈಕಲ್‌ಗೆ ಅಲ್ಲ" ಅಂದರು. ತಪ್ಪು ನನ್ನದು, ಕ್ಷಮೆ ಕೇಳಿದೆ. "ಹಿಂದೆ ಇನ್ನೂರು ಗಜದಲ್ಲಿ ಬ್ರೈಡಲ್‌ವೇ ಇದೆ, ಅದರಲ್ಲಿ ಹೋಗಿ" ಅಂತ ದಾರಿ ಹೇಳಿ ಹೊರಟೇಹೋದರು. ಒಂದು ನಿಮಿಷದ ವಿಷಯ.

ತಿರುಗಿ ನೋಡಿದರೆ ಹುಡುಗನ ಮುಖದಲ್ಲಿ ರಕ್ತ ಇಲ್ಲ. ಕೈ ನಡುಗ್ತಿದೆ. "ಅಣ್ಣ, ಪೊಲೀಸ್‌ಗೆ ಫೋನ್ ಮಾಡ್ತಾರಾ? ನನ್ನ ವೀಸಾಗೆ ಏನಾದ್ರೂ ಆಗುತ್ತಾ? ಸ್ಪಾನ್ಸರ್‌ಗೆ ಗೊತ್ತಾದ್ರೆ?" ಅಂತ ಒಂದೇ ಸಮ ಕೇಳಿದ. ಇಬ್ಬರೂ ಸೈಕಲ್ ತಳ್ಳಿಕೊಂಡು ಹಿಂದಕ್ಕೆ ಬಂದು ಆ ಕಂಬದ ಕೆಳಗೆ ಕೂತೆವು. ಇವನು ಎರಡು ವರ್ಷ ರೂಮು ಬಿಟ್ಟು ಹೊರಗೆ ಬರದಿದ್ದದ್ದು ಸುಸ್ತಿನಿಂದ ಮಾತ್ರ ಅಲ್ಲ, ಭಯದಿಂದ ಅಂತ ನನಗೆ ಅರ್ಥವಾಗಿದ್ದು ಆಗ. ಬೈಯೋಕೆ ನನಗೇನೂ ಹಕ್ಕಿಲ್ಲ. ನಾನೂ ಮೊದಲ ಐದು ವರ್ಷ ಹಾಗೇ ಇದ್ದೆ. ಬ್ಯಾಂಕಿಗೆ ಕಾಗದ, ಮನೆಗೆ ಕಾಗದ, ಕೆಲಸಕ್ಕೆ ಕಾಗದ. ಎಲ್ಲಿ ಹೋದರೂ ಯಾರಿಗೋ ಏನೋ ತೋರಿಸಬೇಕು ಅನ್ನೋದು ಮೈಗೆ ಹತ್ತಿಬಿಟ್ಟಿರುತ್ತೆ.

ಆ ಕಂಬದಲ್ಲಿ ಎರಡು ಬಾಣ ಇದ್ದವು. ಹಳದಿ ಒಂದು, ನೀಲಿ ಒಂದು. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ, ದಯವಿಟ್ಟು ನೆನಪಿಟ್ಟುಕೊಳ್ಳಿ.

ಹಳದಿ ಬಾಣ ಅಂದರೆ ಫುಟ್‌ಪಾತ್, ನಡೆಯೋರಿಗೆ ಮಾತ್ರ. ನೀಲಿ ಅಂದರೆ ಬ್ರೈಡಲ್‌ವೇ: ನಡೆಯೋರು, ಕುದುರೆ ಸವಾರರು, ಸೈಕಲ್‌ನವರು ಮೂವರೂ ಹೋಗಬಹುದು. ನೇರಳೆ ಮತ್ತು ಕೆಂಪು ಬಾಣ ಇರೋದು ಬೈವೇ, ಅಲ್ಲೂ ಸೈಕಲ್ ಸರಿ. ಟ್ರೇಲ್‌ನ ಬಣ್ಣದ ದರ್ಜೆ ಬೇರೆ, ಈ ಬಾಣದ ಬಣ್ಣ ಬೇರೆ, ಕಲಸಬೇಡಿ. ಬ್ರೈಡಲ್‌ವೇಯಲ್ಲಿ ಸೈಕಲ್ ಹೊಡೆಯೋ ಹಕ್ಕು ಬಂದಿದ್ದು 1968ರ ಕಂಟ್ರಿಸೈಡ್ ಆಕ್ಟ್‌ನಿಂದ. ಶರತ್ತು ಒಂದೇ: ನಡೆಯೋರಿಗೂ ಕುದುರೆಯವರಿಗೂ ದಾರಿ ಬಿಡಬೇಕು. ಸ್ವಿನ್ಲಿಯಂಥ ಕಡೆ ನಾವು ಹೋಗೋದು ಒಡೆಯರು ಬಿಟ್ಟಿದ್ದಾರೆ ಅಂತ. ನೀಲಿ ಬಾಣದ ದಾರಿಯಲ್ಲಿ ಹೋಗೋದು ನಮಗೆ ಹಕ್ಕಿದೆ ಅಂತ. ಆ ಹಕ್ಕಿಗೆ ಪಾಸ್‌ಪೋರ್ಟ್ ಬಣ್ಣ ಇಲ್ಲ. ಇದು ಇಂಗ್ಲೆಂಡ್, ವೇಲ್ಸ್ ಮಾತು. ಸ್ಕಾಟ್‌ಲೆಂಡ್‌ನಲ್ಲಿ 2003ರ ಕಾಯ್ದೆ ಇನ್ನೂ ಉದಾರ, ಅಲ್ಲಿ ಜವಾಬ್ದಾರಿಯಿಂದ ನಡೆದುಕೊಂಡರೆ ಹೆಚ್ಚುಕಡಿಮೆ ಎಲ್ಲ ಕಡೆ ಹೋಗಬಹುದು.

ತಪ್ಪಿ ಹಳದಿ ದಾರಿಗೆ ಹೋದರೆ? ಸಾಮಾನ್ಯವಾಗಿ ಅದು ಜಮೀನಿನ ಒಡೆಯರಿಗೂ ನಮಗೂ ನಡುವಿನ ಸಿವಿಲ್ ವಿಷಯ, ಪೊಲೀಸ್ ಕೇಸಲ್ಲ. ಹಾಗಂತ ಬೇಕೂಂತ ಹೋಗಬಾರದು. ಇಳಿದು, ಕ್ಷಮೆ ಕೇಳಿ, ಹಿಂದೆ ಬನ್ನಿ. ಊರೊಳಗೆ ರಸ್ತೆ ಪಕ್ಕದ ಪೇವ್‌ಮೆಂಟ್ ಮೇಲೆ ಸೈಕಲ್ ಹೊಡೆಯೋದು ಮಾತ್ರ ಬೇರೆ ವಿಷಯ, ಅದಕ್ಕೆ ದಂಡ ಇದೆ.

ಈ ದಾರಿಗಳೇನೂ ಶ್ರೀಮಂತರು ಪ್ರೀತಿಯಿಂದ ಕೊಟ್ಟಿದ್ದಲ್ಲ ಅಂತಲೂ ಅವನಿಗೆ ಹೇಳಿದೆ. 1932ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಕಡೆಯ ಕೂಲಿಕಾರ್ಮಿಕರು ನೂರಾರು ಜನ ಸೇರಿ, ಬೇಟೆಗೆ ಅಂತ ಮುಚ್ಚಿಟ್ಟಿದ್ದ ಕಿಂಡರ್ ಸ್ಕೌಟ್ ಗುಡ್ಡಕ್ಕೆ ಬೇಕಂತಲೇ ಹತ್ತಿದರು. ಐದು ಜನ ಜೈಲಿಗೆ ಹೋದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತು ವರ್ಷ, ರೊಮೇನಿಯಾದಿಂದ ವಲಸೆ ಬಂದ ಯಹೂದಿ ದಂಪತಿಯ ಮಗ. 1949ರಲ್ಲಿ ಕಾಯ್ದೆ ಬಂತು. ಕೌಂಟಿ ಕೌನ್ಸಿಲ್‌ಗಳು ಪ್ರತಿ ಹಕ್ಕಿನ ದಾರಿಯನ್ನೂ ನಕ್ಷೆಯಲ್ಲಿ ಬರೆಯಬೇಕಾಯ್ತು. ಇವತ್ತು ನಮ್ಮ ಕೈಲಿರೋ ಓಎಸ್ ನಕ್ಷೆಯಲ್ಲಿ ಕಾಣೋ ಹಸಿರು ಗೆರೆಗಳು ಅವೇ. ಚಿಕ್ಕ ಚಿಕ್ಕ ತುಂಡುಗೆರೆ ಫುಟ್‌ಪಾತ್, ಉದ್ದ ತುಂಡುಗೆರೆ ಬ್ರೈಡಲ್‌ವೇ. ಲೆಡ್ಜರ್ ಓದಿದ ಹಾಗೆ ಓದಬಹುದು.

ಹುಡುಗ ಎಲ್ಲ ಕೇಳಿ ಸುಮ್ಮನೆ ಕೂತಿದ್ದ. ಆಮೇಲೆ ಎದ್ದು, ನೀಲಿ ಬಾಣದ ದಾರಿಯಲ್ಲಿ ಅವನೇ ಮುಂದೆ ಹೊರಟ. ಅರ್ಧ ಮೈಲಿ ಆದಮೇಲೆ ಎದುರಿಗೆ ಕುದುರೆ ಮೇಲೆ ಒಬ್ಬ ಹೆಂಗಸು ಬಂದರು. ನಾನು ಹೇಳೋ ಮೊದಲೇ ಇಳಿದು ಪಕ್ಕಕ್ಕೆ ನಿಂತ. ಅವರು "ಥ್ಯಾಂಕ್ಯೂ, ಲವ್ಲಿ ಡೇ" ಅಂದರು. ಇವನೂ "ಲವ್ಲಿ ಡೇ" ಅಂದ. ಎರಡು ವರ್ಷದಲ್ಲಿ ಕೆಲಸದ ವಿಷಯ ಬಿಟ್ಟು ಇಲ್ಲಿನವರ ಜೊತೆ ಆಡಿದ ಮೊದಲ ಮಾತು ಅಂತ ರೈಲಿನಲ್ಲಿ ಹೇಳಿದ.

ಈಗ ಲೆಕ್ಕ. ಹೊಸ ಸೈಕಲ್ ಬೇಕಿದ್ದರೆ ನಿಮ್ಮ ಕಂಪನಿಯಲ್ಲಿ ಸೈಕಲ್ ಟು ವರ್ಕ್ ಯೋಜನೆ ಇದೆಯಾ ಕೇಳಿ. ಸಂಬಳದಿಂದ ತೆರಿಗೆಗೆ ಮೊದಲೇ ಕಡಿತವಾಗುತ್ತೆ. 800 ಪೌಂಡಿನ ಸೈಕಲ್‌ಗೆ ಬೇಸಿಕ್ ರೇಟ್‌ನವರಿಗೆ 20% ತೆರಿಗೆ, 8% ನ್ಯಾಷನಲ್ ಇನ್ಶೂರೆನ್ಸ್, ಒಟ್ಟು 224 ಪೌಂಡ್ ಉಳಿತಾಯ. ಹನ್ನೆರಡು ಕಂತಾದರೆ ಕೈಯಿಂದ ಹೋಗೋದು ತಿಂಗಳಿಗೆ 48. ಕೊನೆಗೆ ಸೈಕಲ್ ನಮ್ಮದಾಗೋಕೆ ಮತ್ತೊಂದು ಮೊತ್ತ ಇರುತ್ತೆ, ನಾಲ್ಕು ವರ್ಷ ಕಾದರೆ 7%, ಅಂದರೆ 56 ಪೌಂಡ್. ಹೆಲ್ಮೆಟ್, ಲಾಕನ್ನೂ ಸೇರಿಸಬಹುದು. ಸೈಕಲ್ ಮುಖ್ಯವಾಗಿ ಕೆಲಸಕ್ಕೆ ಓಡಾಡೋಕೆ ಬಳಸಬೇಕು, ಬರೀ ಕಾಡಿಗೆ ಅಂದರೆ ನಡೆಯಲ್ಲ. ಇನ್ನೊಂದು: ಕಡಿತದಿಂದ ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಹಾಗಾಗಿ ಯಾರಿಗೆ ರಿಯಾಯಿತಿ ಹೆಚ್ಚು ಬೇಕೋ ಅವರಿಗೇ ಇದು ಸಿಗಲ್ಲ. ನಮ್ಮ ಹುಡುಗನಿಗೂ ಸಿಗಲಿಲ್ಲ. ಅಂಥವರು ಸೆಕೆಂಡ್ ಹ್ಯಾಂಡ್ ನೋಡಿ. ದುಡ್ಡು ಕೊಡೋ ಮೊದಲು ಫ್ರೇಮ್ ನಂಬರನ್ನು ಬೈಕ್‌ರಿಜಿಸ್ಟರ್‌ನಲ್ಲಿ ಹಾಕಿ ನೋಡಿ, ಕಳವು ಮಾಲಾಗಿದ್ದರೆ ಗೊತ್ತಾಗಬಹುದು. ನಂಬರ್ ಸಾಮಾನ್ಯವಾಗಿ ಪೆಡಲ್ ಅಚ್ಚಿನ ಕೆಳಗಿರುತ್ತೆ.

ಹೊರಡುವಾಗ ಹೆಲ್ಮೆಟ್, ಒಂದು ಟ್ಯೂಬ್, ಪಂಪು, ನೀರು, ಮಳೆ ಜಾಕೆಟ್ ಇರಲಿ. ರಿಜ್‌ವೇಯಲ್ಲಿ ಚೂಪು ಕಲ್ಲು ಜಾಸ್ತಿ, ಪಂಕ್ಚರ್ ಗ್ಯಾರಂಟಿ ಅಂದುಕೊಂಡೇ ಹೋಗಿ. ಮಳೆ ಬಂದಾಗ ಸುಣ್ಣದ ಮಣ್ಣು ಸೋಪಿನ ಹಾಗೆ ಜಾರುತ್ತೆ. ಮನೆಗೆ ಬಂದಮೇಲೆ ಕಾಲು, ಮೊಣಕಾಲಿನ ಹಿಂದೆ ಉಣ್ಣೆ ಕಚ್ಚಿದೆಯಾ ನೋಡಿಕೊಳ್ಳಿ. ಅದರಿಂದ ಲೈಮ್ ಕಾಯಿಲೆ ಬರಬಹುದು. ರೈಲಿನಲ್ಲಿ ಸೈಕಲ್ ಒಯ್ಯೋಕೆ ಆಫೀಸ್ ಸಮಯದಲ್ಲಿ ನಿರ್ಬಂಧ ಇರುತ್ತೆ, ಮೊದಲೇ ವಿಚಾರಿಸಿ.

ಹೋದ ವಾರ ನನ್ನ ಎಚ್‌ಬಿಎ1ಸಿ 40 ಬಂತು. ಅದೇ ದಿನ ಆ ಹುಡುಗನಿಂದ ಒಂದು ಫೋಟೋ ಬಂತು. ಒಬ್ಬನೇ ಹೋಗಿದ್ದಾನೆ, 90 ಪೌಂಡಿನ ಸೆಕೆಂಡ್ ಹ್ಯಾಂಡ್ ಸೈಕಲ್‌ನಲ್ಲಿ. ಫೋಟೋದಲ್ಲಿ ಗೇಟು, ಕಂಬ, ನೀಲಿ ಬಾಣ. ಕೆಳಗೆ ಒಂದೇ ಸಾಲು: "ಅಣ್ಣ, ಯಾರೂ ಕೇಳಲಿಲ್ಲ. ಗೇಟ್ ಮುಚ್ಚಿದೀನಿ."

ಮುಂದಿನ ತಿಂಗಳು ಮತ್ತೆ ತೆರಿಗೆ. ಅಲ್ಲೀತನಕ ಒಂದು ಭಾನುವಾರವಾದರೂ ರೂಮಿನಿಂದ ಹೊರಗೆ ಬನ್ನಿ.