ತರಗತಿಯ ಹೊಸ್ತಿಲು ದಾಟಿದ ಕಾನೂನು

ಮೂಲಭೂತ ಹಕ್ಕುಗಳಿಗೆ ಚ್ಯುತಿ ಬಂದಾಗ ಯಾವುದೇ ಪ್ರಜೆ ನೇರವಾಗಿ ಸುಪ್ರೀಮ್ ಕೋರ್ಟಿನ ಮೊರೆ ಹೋಗಬಹುದು ಎಂದು ಸಂವಿಧಾನದ 32ನೇ ವಿಧಿ ಸಾರುತ್ತದೆ. ಆದರೆ ಹಣ, ಅಕ್ಷರ, ಧೈರ್ಯ ಈ ಮೂರೂ ಇಲ್ಲದವರು ಆ ಬಾಗಿಲನ್ನು ತಲುಪುವುದಾದರೂ ಹೇಗೆ? ದೆಹಲಿ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕರಾಗಿದ್ದ ಉಪೇಂದ್ರ ಬಕ್ಷಿಯವರು ತಮ್ಮ ವೃತ್ತಿಜೀವನದುದ್ದಕ್ಕೂ ಎದುರಿಸಿದ್ದು ಈ ಪ್ರಶ್ನೆಯನ್ನು.

1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಬಾಲೆಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತೆಂಬ ಆರೋಪ ಕೇಳಿಬಂತು. ಆಕೆಯ ಬಂಧುಗಳು ಠಾಣೆಯ ಹೊರಗೆ ಕಾಯುತ್ತಿದ್ದರು. ಮಥುರಾ ಪ್ರಕರಣವೆಂದೇ ಪ್ರಸಿದ್ಧವಾದ ಈ ಮೊಕದ್ದಮೆಯಲ್ಲಿ ಇಬ್ಬರು ಪೊಲೀಸರಿಗೆ ಹೈಕೋರ್ಟ್ ವಿಧಿಸಿದ ಶಿಕ್ಷೆಯನ್ನು 1978ರಲ್ಲಿ ಸುಪ್ರೀಮ್ ಕೋರ್ಟ್ ರದ್ದುಪಡಿಸಿತು. ಆಕೆಯ ಮೈಮೇಲೆ ಗಾಯಗಳಿಲ್ಲ, ಆದ್ದರಿಂದ ಪ್ರತಿರೋಧವೂ ಇರಲಿಲ್ಲ ಎಂಬುದು ತೀರ್ಪಿನ ತರ್ಕವಾಗಿತ್ತು.

1979ರ ಸೆಪ್ಟೆಂಬರ್‌ನಲ್ಲಿ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್ ಮತ್ತು ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ವಿದ್ವಾಂಸರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಭಯದಿಂದ ಮಣಿಯುವುದು ಬೇರೆ, ಮನಸಾರೆ ಒಪ್ಪುವುದು ಬೇರೆ ಎಂದು ಅವರು ದೇಶದ ಅತ್ಯುನ್ನತ ಪೀಠಕ್ಕೇ ನೆನಪಿಸಿದರು. ಪತ್ರ ನ್ಯಾಯಾಲಯವನ್ನು ಅಲ್ಲಗಳೆಯಲಿಲ್ಲ, ನ್ಯಾಯವನ್ನು ಕೇಳಿತು. 1980ರ ಮಾರ್ಚ್ 8ರಂದು ಹಲವು ನಗರಗಳಲ್ಲಿ ಮಹಿಳೆಯರು ಬೀದಿಗಿಳಿದರು. 1983ರಲ್ಲಿ ಸಂಸತ್ತು ಕಾನೂನನ್ನು ತಿದ್ದಿತು. ವಶದಲ್ಲಿರುವ ಮಹಿಳೆಯ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ಲೈಂಗಿಕ ಸಂಪರ್ಕ ನಡೆದದ್ದು ಸಾಬೀತಾಗಿ, ತಾನು ಒಪ್ಪಿರಲಿಲ್ಲ ಎಂದು ಆಕೆ ಸಾಕ್ಷ್ಯ ನುಡಿದರೆ, ನ್ಯಾಯಾಲಯವು ಅದನ್ನೇ ನಂಬಿ ಮುಂದುವರಿಯಬೇಕು. ಸುಳ್ಳೆಂದು ತೋರಿಸುವ ಹೊಣೆ ಆರೋಪಿಯದ್ದು. ಈ ತತ್ವ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ.

ಆದರೆ ಆ ಬಾಲೆಗೆ ಏನು ದಕ್ಕಿತು? ಆಕೆಯ ಪ್ರಕರಣದ ತೀರ್ಪು ಬದಲಾಗಲೇ ಇಲ್ಲ. ಆಕೆಯ ನೋವಿನಿಂದ ಹುಟ್ಟಿದ ಕಾನೂನು ಇತರರ ಪಾಲಿಗೆ ಆಸರೆಯಾಯಿತು, ಆಕೆಯ ಪಾಲಿಗಲ್ಲ. ಸುಧಾರಣೆಯನ್ನು ಕೊಂಡಾಡುವವರು ಈ ಕಹಿ ಸತ್ಯವನ್ನು ಮರೆಯಬಾರದು.

ಬಕ್ಷಿಯವರು ಅಲ್ಲಿಗೇ ನಿಲ್ಲಲಿಲ್ಲ. ಆಗ್ರಾದ ಸಂರಕ್ಷಣಾ ಗೃಹದಲ್ಲಿದ್ದ ಮಹಿಳೆಯರ ಅಮಾನವೀಯ ಸ್ಥಿತಿಯನ್ನು ಪತ್ರಿಕಾ ವರದಿಯಲ್ಲಿ ಓದಿ, 1981ರಲ್ಲಿ ಅವರು ಮತ್ತು ಲೋತಿಕಾ ಸರ್ಕಾರ್ ಸುಪ್ರೀಮ್ ಕೋರ್ಟಿಗೆ ಪತ್ರ ಬರೆದರು. ಕೋರ್ಟ್ ಆ ಪತ್ರವನ್ನೇ ರಿಟ್ ಅರ್ಜಿಯಾಗಿ ಸ್ವೀಕರಿಸಿತು. ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆ ಎಂಬ ಹೆಸರಿಗಿಂತ 'ಸಾಮಾಜಿಕ ಕ್ರಿಯಾ ಮೊಕದ್ದಮೆ' ಎಂಬ ಹೆಸರೇ ಇಂತಹ ದಾವೆಗಳಿಗೆ ಸೂಕ್ತವೆಂದು ಅವರು ವಾದಿಸಿದರು. ಏಕೆಂದರೆ ಅವರ ಪ್ರಕಾರ ಇದು ಹಿತಾಸಕ್ತಿಯ ಲೆಕ್ಕಾಚಾರವಲ್ಲ, ಜನರ ಸಂಕಟವನ್ನು ಗಂಭೀರವಾಗಿ ಪರಿಗಣಿಸುವ ಬಗೆ.

ಇಂದು ನಮ್ಮ ಪಟ್ಟಣಗಳ ಮನೆಗಳಲ್ಲಿ ಮಕ್ಕಳು ವೈದ್ಯರಾಗಬೇಕು, ಇಂಜಿನಿಯರ್‌ಗಳಾಗಬೇಕು ಎಂಬ ಕನಸುಗಳಿಗೆ ಬರವಿಲ್ಲ. ಮಗಳೋ ಮಗನೋ ಕಾನೂನು ಓದುತ್ತೇನೆಂದರೆ ಮಾತ್ರ ಹೆತ್ತವರ ಮುಖ ಬಾಡುತ್ತದೆ. ವಿಚಾರಣೆಯಿಲ್ಲದೆ ಸೆರೆಮನೆಯಲ್ಲಿ ಕೊಳೆಯುವವರಿಗೆ, ಜೀವನಾಂಶಕ್ಕಾಗಿ ಅಲೆಯುವ ಹೆಣ್ಣುಮಕ್ಕಳಿಗೆ, ಕೂಲಿ ಸಿಗದ ಕಾರ್ಮಿಕರಿಗೆ ದನಿಯಾಗುವವರು ಯಾರು? ಅನ್ಯಾಯದ ಬಗ್ಗೆ ಸಭೆಗಳಲ್ಲಿ ಗುಡುಗುವುದು ಸುಲಭ. ಅದನ್ನು ಕಾನೂನಿನ ಭಾಷೆಯಲ್ಲಿ, ಪುರಾವೆ ಸಹಿತ, ನಿರ್ಭೀತಿಯಿಂದ ಬರೆದು ತಲುಪಿಸುವವರೇ ವಿರಳ. ನೊಂದವರು ಯಾವ ಜಾತಿ, ಯಾವ ಧರ್ಮದವರೆಂದು ಕೇಳದೆ ಲೇಖನಿ ಹಿಡಿಯಬಲ್ಲ ವಕೀಲರನ್ನು, ಅಧ್ಯಾಪಕರನ್ನು ನಮ್ಮ ಮನೆಗಳೂ ನಾಡಿಗೆ ನೀಡಬೇಕಾಗಿದೆ.