ಕೂಳೆಯ ಬೂಷ್ಟು: ಮಿತ್ರನೋ, ಶತ್ರುವೋ?

ಕೊಯ್ಲು ತೀರಿದ ಗದ್ದೆ ಬರಿದಾಯಿತೆಂದು ಹೇಳುವುದು ವಾಡಿಕೆ. ಕಾಪು, ಪಡುಬಿದ್ರಿಗಳ ನಡುವಿನ ಎರ್ಮಾಳಿನಲ್ಲಿ ಏಣೆಲು ಬೆಳೆಯ ಕೊಯ್ಲಾದ ಮೇಲೆ ಉಳಿದ ಕೂಳೆಯನ್ನು ಬಾಗಿ ನೋಡಿದವರಿಗೆ ಆ ಮಾತು ಎಷ್ಟು ತಪ್ಪೆಂಬುದು ತಿಳಿಯುತ್ತದೆ. ಇಬ್ಬನಿಯಲ್ಲಿ ತೊಯ್ದ ಭತ್ತದ ಬುಡಗಳ ಮೇಲೆ ಬಿಳಿಯ, ಬೂದಿಬಣ್ಣದ, ಹಸುರು ಛಾಯೆಯ ನವಿರೆಳೆಗಳು ಹಬ್ಬಿರುತ್ತವೆ. ಜನರು ಬೂಷ್ಟೆಂದೂ ವಿಜ್ಞಾನಿಗಳು ಶಿಲೀಂಧ್ರವೆಂದೂ ಕರೆಯುವ ಜೀವಿಗಳಿವು.

ಇವುಗಳಲ್ಲಿ ಪತ್ರಹರಿತ್ತಿಲ್ಲ, ಆದುದರಿಂದ ಬಿಸಿಲನ್ನು ಬಳಸಿ ಆಹಾರ ತಯಾರಿಸಿಕೊಳ್ಳಲಾರವು. ಬೂಷ್ಟು ತನ್ನ ರಸವನ್ನು ಹುಲ್ಲಿನ ಮೇಲೆ ಸ್ರವಿಸಿ, ಹೊರಗೇ ಜೀರ್ಣಿಸಿ, ಕರಗಿದುದನ್ನು ಹೀರುತ್ತದೆ. ಮನುಷ್ಯನ ಹೊಟ್ಟೆಗೆ ಜಗ್ಗದ ನಾರು ಅದಕ್ಕೆ ಮೃಷ್ಟಾನ್ನ. ಭತ್ತದ ಗಿಡ ಮಣ್ಣಿನಿಂದ ಪಡೆದ ಪೊಟ್ಯಾಷಿನ ಬಹುಪಾಲು ಕಾಳಿನಲ್ಲಲ್ಲ, ಹುಲ್ಲಿನಲ್ಲಿಯೇ ಉಳಿದಿರುತ್ತದೆ. ಕೂಳೆ ಕೊಳೆತಾಗ ಆ ಸಾಲ ಭೂಮಿಗೆ ಸಂದಾಯವಾಗುತ್ತದೆ.

ಆದರೆ ಅತಿಥಿಗಳೆಲ್ಲರೂ ಸಜ್ಜನರಲ್ಲ. ರೈತರು ಬೆಂಕಿ ರೋಗವೆಂದು ಹೆದರುವ ಪಿಡುಗನ್ನು ತರುವ ಶಿಲೀಂಧ್ರವೂ ಹುಲ್ಲಿನಲ್ಲಿ, ಕೂಳೆಯಲ್ಲಿ ಅಡಗಿ ಮುಂದಿನ ಬೆಳೆಗಾಗಿ ಕಾಯಬಲ್ಲದು. ಏಣೆಲಿನ ಬೆನ್ನಿಗೇ ಸುಗ್ಗಿ, ಅದರ ಹಿಂದೆ ಕೊಳಕೆ ಎಂದು ಬೆಳೆ ತೆಗೆಯುವ ಬೈಲು ಗದ್ದೆಗಳಲ್ಲಿ ಅದು ಬಹುಕಾಲ ಕಾಯಬೇಕಾಗಿಲ್ಲ. ಅದರ ಬೀಜಕಣ ಗಾಳಿಯಲ್ಲಿ ತೇಲಿ ಒದ್ದೆಯ ಎಲೆಗೆ ಅಂಟಿ, ಮೋಟಾರು ಗಾಲಿಯೊಳಗಿನ ಒತ್ತಡದ 30 ಪಾಲಿಗೂ ಮಿಗಿಲಾದ ಒತ್ತಡವನ್ನು ತನ್ನೊಳಗೆ ಕೂಡಿಹಾಕಿ ಎಲೆಯನ್ನು ಇರಿಯುತ್ತದೆ. ತೆನೆಯ ಕುತ್ತಿಗೆಗೆ ರೋಗ ತಗುಲಿದರೆ ಕಾಳು ಜೊಳ್ಳಾಗಿ, ವರ್ಷದ ಅನ್ನವೇ ಹೋದಂತೆ.

ಇದರ ಹತ್ತಿರದ ದಾಯಾದಿಯೊಂದು 1985ರಲ್ಲಿ ಬ್ರೆಜಿಲಿನ ಗೋಧಿಯ ಮೇಲೆ ಕಾಣಿಸಿತು. 2016ರಲ್ಲಿ ಬಾಂಗ್ಲಾದೇಶಕ್ಕೆ ಬಂದು ಸುಮಾರು 15,000 ಹೆಕ್ಟೇರು ಗೋಧಿಗೆ ತಗುಲಿತು. ಗೋಧಿಯ ಕೂಳೆಯೂ ಅದಕ್ಕೆ ಅಡಗುತಾಣವೇ.

ಹಾಗಾದರೆ ಕೂಳೆಗೆ ಬೆಂಕಿಯಿಡಬೇಕೆ? ಕಳ್ಳನೊಡನೆ ಕಾವಲುಗಾರನನ್ನೂ ಸುಟ್ಟಂತಾದೀತು. ಮಣ್ಣಿನಲ್ಲಿ ಟ್ರೈಕೊಡರ್ಮವೆಂಬ ಇನ್ನೊಂದು ಬೂಷ್ಟುಂಟು. ಅದು ಹಲವು ರೋಗಕಾರಕ ಶಿಲೀಂಧ್ರಗಳನ್ನೇ ತಿಂದು ಬದುಕುತ್ತದೆ. ರೋಗ ಕಂಡ ಗದ್ದೆಯ ಹುಲ್ಲನ್ನು ಒಯ್ದು ಸೆಗಣಿಯೊಡನೆ ಗುಂಡಿಯಲ್ಲಿ ಕೊಳೆಸುವುದು, ಉಳಿದ ಕೂಳೆಯನ್ನು ಬೇಗನೆ ಉತ್ತು ಮಣ್ಣಿಗೆ ಸೇರಿಸುವುದು ಜಾಣತನ. ನಾಟಿಯ ಹೊತ್ತಿಗೆ ಉತ್ತರೆ ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಂಡು, ಎಳೆಯ ಪೈರು ಹಳದಿಗೆ ತಿರುಗುತ್ತದೆ. ಕೊಯ್ಲಿನ ಯಂತ್ರಗಳು ಕೂಳೆಯನ್ನು ಉದ್ದವಾಗಿ ಬಿಟ್ಟುಹೋಗುವ ಈ ದಿನಗಳಲ್ಲಿ ಈ ಎಚ್ಚರ ಹೆಚ್ಚು ಅಗತ್ಯ.

ರಜೆಯಲ್ಲಿ ಊರಿಗೆ ಹೋಗುವ ಪಟ್ಟಣದ ಕುಟುಂಬಗಳಿಗೂ ಒಂದು ಮಾತು. ಕೊಳೆತ ಬೈಹುಲ್ಲಿನ ಮೇಲೆ ಮೊಟ್ಟೆಯಂತೆ ಏಳುವ ಅಣಬೆ ರುಚಿಯಾದುದೇ ಹೌದು. ಆದರೆ ಪ್ರಾಣಾಂತಕವಾದ ವಿಷದ ಅಣಬೆಗಳೂ ಮೊಳಕೆಯಲ್ಲಿ ಹಾಗೆಯೇ ತೋರುತ್ತವೆ. ಬಲ್ಲವರು ಗುರುತಿಸಿ ಕೊಡದ ಅಣಬೆಯನ್ನು ಮಕ್ಕಳು ಕಿತ್ತು ತಂದರೆ, ಅದು ಅಡುಗೆಮನೆಯ ಹೊಸ್ತಿಲು ದಾಟದಿರಲಿ.