ಕೋಡಿಯ ಎತ್ತರ ನೋಡಿ ಮನೆ ಕಟ್ಟಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಕೆರೆಯ ದಡದಲ್ಲಿ ಮನೆ ಕಟ್ಟುವವರು ಇದಕ್ಕೆ ಇನ್ನೊಂದು ಮಾತು ಸೇರಿಸಿಕೊಳ್ಳಬೇಕು: ಮೊದಲು ಕೋಡಿ ನೋಡು.

ಗುಬ್ಬಿ ಕಡೆಯ ನನ್ನ ಪರಿಚಯದ ಮೇಷ್ಟ್ರೊಬ್ಬರು ಕಳೆದ ಬೇಸಿಗೆಯಲ್ಲಿ ಒಂದು ಸೈಟು ನೋಡಿ ಬಂದರು. ಎದುರಿಗೇ ಕೆರೆ, ಸಂಜೆಯ ತಂಗಾಳಿ, ಬೆಳ್ಳಕ್ಕಿಗಳ ಸಾಲು. ಬೆಲೆಯೂ ಕೈಗೆಟುಕುವಂತಿತ್ತು. ಮಗಳ ಕಾಲೇಜಿಗೆಂದು ಕೂಡಿಟ್ಟ ಹಣದಿಂದ ಇಪ್ಪತ್ತು ಸಾವಿರ ಮುಂಗಡ ಕೊಟ್ಟೂ ಬಿಟ್ಟರು. ಒಂಬತ್ತನೇ ತರಗತಿಯ ಆ ಮಗಳು ಸೈಟು ನೋಡಲು ಹೋದಾಗ ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪಾ, ಕೆರೆ ತುಂಬಿದರೆ ನೀರು ಎಲ್ಲಿಯವರೆಗೆ ಬರುತ್ತೆ?” ಸೈಟು ತೋರಿಸಿದವರು ನಕ್ಕರು. “ಈ ಕೆರೆ ತುಂಬಿದ್ದನ್ನು ನಾನಂತೂ ನೋಡಿಲ್ಲಮ್ಮ” ಎಂದರು.

ಅಪಾಯ ಅಡಗಿರುವುದು ಈ ಮಾತಿನಲ್ಲೇ. ನಮ್ಮ ಸೀಮೆಯ ಕೆರೆಗಳು ಹತ್ತು ವರ್ಷ ಒಣಗಿ, ಹನ್ನೊಂದನೆಯ ವರ್ಷ ಕೋಡಿ ಬೀಳಬಲ್ಲವು. ಮಳೆಯ ಜೊತೆಗೆ ಹೇಮಾವತಿ ನಾಲೆಯ ನೀರೂ ಈಗ ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತದೆ. ಜನ ಮರೆತರೂ ನೀರು ತನ್ನ ಜಾಗವನ್ನು ಮರೆಯುವುದಿಲ್ಲ.

<b>ಕೆರೆಯ ಅಂಗರಚನೆ</b>

ತುಮಕೂರಿನ ಅಮಾನಿಕೆರೆಯಾಗಲಿ, ಗುಬ್ಬಿಯ ಕೆರೆಯಾಗಲಿ, ಜನಪದ ಹಾಡಿನಿಂದ ನಾಡಿಗೆಲ್ಲ ಹೆಸರಾದ ಕುಣಿಗಲ್ ಕೆರೆಯಾಗಲಿ, ಅಂಗಗಳು ಒಂದೇ. ನೀರನ್ನು ತಡೆಯುವುದು ಏರಿ. ಗದ್ದೆಗೆ ನೀರು ಬಿಡುವುದು ತೂಬು. ಹೆಚ್ಚಾದ ನೀರು ಹೊರಗೆ ಹರಿಯುವುದು ಕೋಡಿ. ಏರಿಯ ಮುಂದೆ ನೀರು ನಿಲ್ಲುವ ನೆಲ ಕೆರೆಯಂಗಳ, ಏರಿಯ ಹಿಂದಿನದು ಅಚ್ಚುಕಟ್ಟು.

ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದಲ್ಲಿ, ನೀರು ಗೊತ್ತಾದ ಮಟ್ಟ ಮುಟ್ಟಿದೊಡನೆ ಸೈಫನ್‌ಗಳು ತಾವಾಗಿ ಅದನ್ನು ಹೊರಹಾಕುತ್ತವೆ. ಸಾಮಾನ್ಯ ಕೆರೆಯಲ್ಲಿ ಆ ಕೆಲಸ ಕೋಡಿಯದು. ಎಂದರೆ, ನೀರು ಕೋಡಿಯ ಎತ್ತರದವರೆಗೂ ನಿಲ್ಲುತ್ತದೆ. ಕೆರೆಯಂಗಳದ ಕಡೆ ಕೋಡಿಗಿಂತ ತಗ್ಗಿನಲ್ಲಿರುವ ನೆಲವೆಲ್ಲ, ಯಾರ ಹೆಸರಿಗೆ ಪತ್ರವಿದ್ದರೂ, ಕೆರೆಯ ಹಾಸಿಗೆಯೇ. ಏರಿಯ ಹಿಂದಿನ ಜಾಗವೂ ಕ್ಷೇಮವಲ್ಲ. ಅಲ್ಲಿ ಸದಾ ಜೌಗು, ಏರಿ ಒಡೆದರೆ ಮೊದಲ ಪೆಟ್ಟೂ ಅದಕ್ಕೇ.

<b>ಪೈಪಿನ ಪಾಠ</b>

ಆ ಹುಡುಗಿ ಸುಮ್ಮನಾಗಲಿಲ್ಲ. ಪರಿಚಯದ ಮೇಸ್ತ್ರಿಯಿಂದ ಗೋಡೆಯ ಮಟ್ಟ ನೋಡುವ ಪಾರದರ್ಶಕ ಪೈಪು ತಂದಳು. ನೀರು ತುಂಬಿದ ಪೈಪಿನ ಎರಡು ತುದಿಗಳಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆಂಬುದು ಪಠ್ಯಪುಸ್ತಕದ ಪಾಠ. ಕೋಡಿಯ ಕಲ್ಲಿನಿಂದ ಹೊರಟು, ಗೂಟದಿಂದ ಗೂಟಕ್ಕೆ ಏರಿಳಿತ ಬರೆದುಕೊಳ್ಳುತ್ತ ಅಪ್ಪ ಮಗಳು ಎರಡು ಭಾನುವಾರ ನಡೆದರು. ತಪ್ಪಿದ್ದರೆ ತಿಳಿಯಲೆಂದು ಹಿಂದಿರುಗುವಾಗಲೂ ಅಳೆದರು. ಸೈಟಿನ ನೆಲ ಕೋಡಿಗಿಂತ ಎರಡೂವರೆ ಅಡಿ ತಗ್ಗಿನಲ್ಲಿತ್ತು.

ಎಲ್ಲರೂ ಹೀಗೆ ಅಳೆಯಬೇಕೆಂದಿಲ್ಲ, ಸರ್ವೆಯವರಿಂದ ಅಳೆಸಬಹುದು. ಗ್ರಾಮ ನಕ್ಷೆ ತರಿಸಿ ಕೆರೆಯ ಗಡಿ, ಹಳ್ಳ, ರಾಜಕಾಲುವೆ ಎಲ್ಲಿವೆಯೆಂದು ನೋಡುವುದು ಮಾತ್ರ ಕಡ್ಡಾಯ. ಕರ್ನಾಟಕದ 2014ರ ಕೆರೆ ಸಂರಕ್ಷಣಾ ಕಾಯ್ದೆ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಮನೆ ಕಟ್ಟುವುದನ್ನು ನಿರ್ಬಂಧಿಸಿತು. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಈ ಅಂತರವನ್ನು ಬದಲಿಸುವ ತಿದ್ದುಪಡಿ ಮಸೂದೆಗೆ 2025ರಲ್ಲಿ ವಿಧಾನಮಂಡಲ ಒಪ್ಪಿಗೆ ನೀಡಿತು. ಆದ್ದರಿಂದ ಕೊಳ್ಳುವ ಮುನ್ನ ಜಾರಿಯಲ್ಲಿರುವ ನಿಯಮವನ್ನು ವಿಚಾರಿಸಿ. ನಿಯಮ ಎಷ್ಟೇ ಹೇಳಲಿ, ದೂರವಿದ್ದಷ್ಟೂ ಮನೆಗೂ ಒಳ್ಳೆಯದು, ಕೆರೆಗೂ ಒಳ್ಳೆಯದು.

<b>ಮನೆ ಹೇಗಿರಬೇಕು?</b>

ಕೆರೆ ಮನೆಯ ಉತ್ತರಕ್ಕಿದ್ದರೆ ಅದೃಷ್ಟ. ಆ ಕಡೆ ದೊಡ್ಡ ಕಿಟಕಿ ಇಡಬಹುದು. ಪಶ್ಚಿಮಕ್ಕಿದ್ದರೆ ಇಳಿಬಿಸಿಲು ನೇರವಾಗಿಯೂ ಬರುತ್ತದೆ, ನೀರಿನ ಮೇಲಿಂದ ಹೊಳೆದೂ ಬರುತ್ತದೆ. ಅಲ್ಲಿ ಅಗಲವಾದ ಜಗಲಿ, ಚಾಚಿದ ಮಾಡು, ಹೊಂಗೆಯ ನೆರಳು ಬೇಕು. ಗಾಳಿ ಒಂದು ಕಡೆ ಬಂದು ಎದುರು ಕಡೆ ಹೋಗಲು ದಾರಿಯಿರಲಿ, ಕಿಟಕಿಗಳಿಗೆ ಸೊಳ್ಳೆ ಜಾಲರಿಯಿರಲಿ. ರಾತ್ರಿ ನೀರಿನ ಕಡೆಗೆ ಪ್ರಖರ ದೀಪ ಉರಿಸಬೇಡಿ. ಹಕ್ಕಿಗಳಿಗೂ ನಿದ್ದೆ ಬೇಕು.

ಗೋಡೆಗೆ ಸುಟ್ಟ ಇಟ್ಟಿಗೆಯೇ ಆಗಬೇಕೆಂದೇನೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ ಬ್ಲಾಕುಗಳನ್ನು ಬೆಳೆಸಿತು. ಇವನ್ನು ಸುಡುವ ಅಗತ್ಯವಿಲ್ಲ, ಆದ್ದರಿಂದ ಸೌದೆಯ ಮಾತೂ ಇಲ್ಲ. ಅಸ್ತ್ರದ ಗ್ರಾಮೀಣ ಪ್ರಯೋಗ ಕೇಂದ್ರವಿದ್ದುದು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲೇ ಎಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಕೆರೆಯ ಗೋಡು ಇದಕ್ಕೆ ಒಗ್ಗದು. ಜೇಡಿ ಹೆಚ್ಚಿರುವ ಆ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಅದನ್ನು ತೋಟಕ್ಕೆ ಹಾಕಿ. ಬ್ಲಾಕಿಗೆ ಮರಳು ಮಿಶ್ರಿತ ಕೆಮ್ಮಣ್ಣು ಬಳಸಿ.

ಕೆರೆ ಎದುರಿಗಿದ್ದರೂ ಮಳೆನೀರು ಹಿಡಿಯಬೇಕೆ? ಒಂದು ಲೆಕ್ಕ ಮಾಡಿ. ಮಾಡು 1,000 ಚದರ ಅಡಿ, ಅಂದರೆ ಸುಮಾರು 93 ಚದರ ಮೀಟರ್. ವರ್ಷದ ಮಳೆ 600 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಗುಣಿಸಿದರೆ ಸುಮಾರು 56 ಸಾವಿರ ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 45 ಸಾವಿರ ಉಳಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಮನೆಗೆ ಎಂಬತ್ತಕ್ಕೂ ಹೆಚ್ಚು ದಿನ ಸಾಕಾಗುವ ನೀರದು. ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಕಾಡುವ ಈ ಜಿಲ್ಲೆಯಲ್ಲಿ ಇದು ಸಣ್ಣ ಲಾಭವಲ್ಲ.

ಕೊನೆಯದಾಗಿ, ಎಲ್ಲರೂ ಮರೆಯುವ ವಿಷಯ: ಕೊಳಕು ನೀರು. ಕೆರೆಯ ಬಳಿ ಅಂತರ್ಜಲ ಮೇಲೆಯೇ ಇರುತ್ತದೆ. ಅಲ್ಲಿ ಶೌಚಾಲಯದ ಇಂಗುಗುಂಡಿ ತೋಡಿದರೆ ಹೊಲಸು ನೇರ ನೀರಿಗೆ ಸೇರುತ್ತದೆ. ಕುಡಿಯುವ ನೀರಿನ ಬಾವಿಯಿಂದ ಗುಂಡಿ ಕನಿಷ್ಠ 18 ಮೀಟರ್ ದೂರವಿರಬೇಕು. ಗುಂಡಿ ಮನೆಯ ಯಾವ ಬದಿಗೆಂದು ಮೊದಲು ಗೊತ್ತುಮಾಡಿ ಆಮೇಲೆ ನಕ್ಷೆ ಬರೆಸಿ. ಬಚ್ಚಲು ನೀರನ್ನು ಬಾಳೆ, ಕೆಸು, ತೆಂಗಿನ ಬುಡಕ್ಕೆ ತಿರುಗಿಸಿ.

ಮೇಷ್ಟ್ರು ಆ ಸೈಟು ಕೊಳ್ಳಲಿಲ್ಲ. ಕೊಟ್ಟ ಮುಂಗಡ ಹಿಂದೆ ಬರಲೂ ಇಲ್ಲ. “ಹೋಗಲಿ ಬಿಡಿ, ಮಗಳ ಫೀಸು ಅಂದ್ಕೊಂಡಿದ್ದೀನಿ. ಕಲಿತದ್ದು ಮಾತ್ರ ನಾನು” ಎಂದರು. ಈಗ ಕೆರೆಯಿಂದ ಸಾಕಷ್ಟು ದೂರದ ದಿಣ್ಣೆಯ ಮೇಲೆ ಅವರ ಮನೆಯ ಪಾಯ ಎದ್ದಿದೆ. ಅಲ್ಲಿಂದಲೂ ಕೆರೆ ಚೆನ್ನಾಗಿಯೇ ಕಾಣುತ್ತದೆ.